ಸಂಖ್ಯೆಯೂ ಸತ್ಯಾಣುವ್ರತವೂ

ಸಂಖ್ಯೆ ಸುಳ್ಳಾಡದೆಂಬುದು ಲೋಕರೂಢಿ. ಆದರೆ ಸಂಖ್ಯೆಯಲ್ಲಿ ಹಲವು ಜಾತಿಗಳುಂಟು. ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಿದಾಗ ಅಸತ್ಯಕ್ಕೆ ಎಡೆಯಾಗುತ್ತದೆ.

ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಲ್ಲಿ ಮೂವರು ಪಾಲುದಾರರ ಒಂದು ಉಗ್ರಾಣವಿದೆಯೆಂದು ಭಾವಿಸಬಹುದು. ಅಲ್ಲಿಯ ಮೂಟೆಗಳನ್ನು ಎಣಿಸಲು ಒಂದು, ಎರಡು, ಮೂರು ಎಂಬ ಸ್ವಾಭಾವಿಕ ಸಂಖ್ಯೆಗಳು ಸಾಕು. ದಾಸ್ತಾನು ಮುಗಿದರೆ ಸೊನ್ನೆ ಬೇಕು. ಸಾಲವನ್ನು ಬರೆಯಲು ಋಣಸಂಖ್ಯೆ ಬೇಕು. ಇವೆಲ್ಲ ಸೇರಿ ಪೂರ್ಣಾಂಕಗಳು. ನೂರು ರೂಪಾಯಿ ಲಾಭವನ್ನು ಮೂವರಿಗೆ ಹಂಚಿದಾಗ ಪೂರ್ಣಾಂಕ ಸೋಲುತ್ತದೆ. ತಲಾ 33 ರೂಪಾಯಿ 33 ಪೈಸೆ ಕೊಟ್ಟರೆ ಒಂದು ಪೈಸೆ ಉಳಿಯುತ್ತದೆ. 33⅓ ಎಂಬ ಭಿನ್ನರಾಶಿ ಮಾತ್ರ ಸಮನಾಗಿ ಹಂಚಬಲ್ಲದು. ಉಳಿದ ಪೈಸೆ ಯಾರದು? ಧರ್ಮದ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಭಿನ್ನರಾಶಿಗೂ ಎಟುಕದ ಸಂಖ್ಯೆಗಳುಂಟು. ಹತ್ತರ ವರ್ಗಮೂಲವು ಯಾವ ಭಿನ್ನರಾಶಿಗೂ ಸಮನಲ್ಲ. ಆದುದರಿಂದ ಅದು ಅಭಾಗಲಬ್ಧ. ಪ್ರಾಚೀನ ಜೈನ ಗಣಿತಜ್ಞರು ವ್ಯಾಸವನ್ನು ಇದರಿಂದ ಗುಣಿಸಿ ಪರಿಧಿಯನ್ನು ಪಡೆಯುತ್ತಿದ್ದರು. ಲಕ್ಷ ಯೋಜನ ವ್ಯಾಸದ ಜಂಬೂದ್ವೀಪದ ಪರಿಧಿಯನ್ನು 3,16,227 ಯೋಜನ, 3 ಕ್ರೋಶ, 128 ಧನುಸ್ಸು, 13½ ಅಂಗುಲವೆಂದು ಹೇಳಿ, ಅದಕ್ಕೂ ಕಿಂಚಿತ್ ಅಧಿಕವೆಂದು ಸೇರಿಸಿದರು. ಮುಗಿಯದ ಸಂಖ್ಯೆಯನ್ನು ಮುಗಿಯಿತೆನ್ನಲು ಅವರು ಒಪ್ಪಲಿಲ್ಲ. ಆ ‘ಕಿಂಚಿತ್ ಅಧಿಕ’ವೇ ಗಣಿತದಲ್ಲಿ ಆಚರಿಸಿದ ಸತ್ಯವ್ರತ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದನು. ವಾಸ್ತವ ಸಂಖ್ಯೆಗಳ ಮಟ್ಟಿಗೆ ಈ ಮಾತು ಇಂದಿಗೂ ನಿಜ. ಅಂಥ ವರ್ಗಮೂಲಕ್ಕೆ ಎಡೆಗೊಟ್ಟ ಸಂಕೀರ್ಣ ಸಂಖ್ಯೆಗಳು ಯುರೋಪಿನಲ್ಲಿ ರೂಪುಗೊಂಡದ್ದು ಹದಿನಾರನೆಯ ಶತಮಾನದಿಂದೀಚೆಗೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂಬ ಅವನ ಮಾತು ಮಾತ್ರ ನಿಲ್ಲಲಿಲ್ಲ. ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂಬುದು ಇಂದಿನ ಗಣಿತದ ನಿರ್ಣಯ. ತಪ್ಪನ್ನು ತಪ್ಪೆಂದು ಒಪ್ಪುವುದರಿಂದ ಆಚಾರ್ಯನ ಗೌರವ ಕುಂದದು.

ಹಾಗಾದರೆ ಅಂದಾಜು ಸಂಖ್ಯೆಯನ್ನು ಬಳಸುವುದು ಅಸತ್ಯವೇ? ಅಲ್ಲ. ಅದಿಲ್ಲದೆ ತಕ್ಕಡಿ ನಿಲ್ಲದು, ವ್ಯಾಪಾರ ಸಾಗದು. ಅಂದಾಜನ್ನು ಅಂದಾಜೆಂದು ತಿಳಿಸಿದರೆ ದೋಷವಿಲ್ಲ. ನಿಖರವೆಂದು ನಂಬಿಸಿ ಉಳಿಕೆಯನ್ನು ತನ್ನ ಕಡೆಗೆ ಎಳೆದುಕೊಂಡರೆ ದೋಷವುಂಟು. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಎಂಬ ಹೀನಾಧಿಕ ಮಾನೋನ್ಮಾನವನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಇದೇ ಕಾರಣಕ್ಕೆ. ಪ್ರತಿಸಲವೂ ಒಂದೇ ಪಕ್ಕಕ್ಕೆ ಸರಿಯುವ ಪೈಸೆ ಲೆಕ್ಕದ ತೊಡಕಲ್ಲ, ಮನಸ್ಸಿನ ಲೋಭ.

ಬಸದಿಯ ಭಂಡಾರವನ್ನು ನೋಡಿಕೊಳ್ಳುವವರಿಗೂ ಈ ಮಾತು ಸಲ್ಲುತ್ತದೆ. ಉಳಿದ ಪೈಸೆಯನ್ನು ಉಳಿದದ್ದೆಂದೇ ಬರೆಯಬೇಕು. ಪುಸ್ತಕದಲ್ಲಿ ಅದಕ್ಕೊಂದು ಸಾಲು ಸಾಕು. ಆ ಸಾಲಿಲ್ಲದ ಪುಸ್ತಕದಲ್ಲಿ ಕೂಡಿಕೆ ಸರಿಯಿದ್ದರೂ ಸತ್ಯವಿರದು.