ನಂಬದವನ ಕೈಯಲ್ಲಿ ಕುರ್‌ಆನ್

ಕುರ್‌ಆನ್ ಮಾತುಮಾತಿಗೆ ಆಣೆ ಇಡುವ ಗ್ರಂಥ. ಅಂಜೂರದ ಮೇಲೆ, ಆಲಿವ್ ಮೇಲೆ, ಏದುಸಿರು ಬಿಡುತ್ತ ಓಡುವ ಕುದುರೆಗಳ ಮೇಲೆ, ಲೇಖನಿಯ ಮೇಲೆ ಅದು ಆಣೆ ಇಡುತ್ತದೆ. ದಿನದ ಹೊತ್ತುಗಳಂತೂ ಅದಕ್ಕೆ ಬಲು ಇಷ್ಟ. ನಸುಕು, ಏರುಬಿಸಿಲು, ಇಳಿಹೊತ್ತು, ರಾತ್ರಿ, ಒಂದೊಂದರ ಹೆಸರಿನಲ್ಲೂ ಒಂದೊಂದು ಸೂರಾ, ಅಂದರೆ ಅಧ್ಯಾಯ, ಇದೆ. 81ನೆಯ ಸೂರಾದಲ್ಲಿ ಬೆಳಗು ಉಸಿರಾಡುತ್ತದೆ. ಅದು ಸುಮ್ಮನೆ ಬಂದ ಚೆಲುವಿನ ಮಾತಲ್ಲ. ಆ ಸೂರಾ ಶುರುವಾಗುವುದೇ ಲೋಕ ಕಳಚಿ ಬೀಳುವುದರಿಂದ. ಸೂರ್ಯ ಸುರುಳಿ ಸುತ್ತಿಕೊಂಡು ಆರಿಹೋಗುತ್ತಾನೆ, ನಕ್ಷತ್ರಗಳು ಉದುರುತ್ತವೆ, ಬೆಟ್ಟಗಳು ಜಾಗ ಬಿಟ್ಟು ಹೊರಡುತ್ತವೆ, ತುಂಬು ಗಬ್ಬದ ಒಂಟೆಗಳನ್ನು ಕೇಳುವವರೇ ಇರುವುದಿಲ್ಲ. ಮರುಭೂಮಿಯವನಿಗೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದಿತ್ತು? ಅದನ್ನೂ ಬಿಟ್ಟು ಓಡುವ ದಿನ ಅದು. ಆ ಗದ್ದಲದ ನಡುವೆ ಒಂದು ವಿಚಾರಣೆ ನಡೆಯುತ್ತದೆ. ಜೀವಂತ ಹೂತುಹಾಕಿದ ಹೆಣ್ಣುಕೂಸನ್ನು ಕರೆದು, ಯಾವ ತಪ್ಪಿಗೆ ನಿನ್ನನ್ನು ಕೊಂದರು ಎಂದು ಕೇಳಲಾಗುತ್ತದೆ. ಕೊಂದ ತಂದೆಯನ್ನು ಕೇಳುವುದಿಲ್ಲ, ಕೂಸನ್ನು ಕೇಳುತ್ತಾರೆ. ತಂದೆ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಬೇಕು. ಇದಾದ ಮೇಲೆ ಬರುತ್ತದೆ, ಆ ಉಸಿರಾಡುವ ಬೆಳಗು.

ಇಷ್ಟನ್ನು ಓದಿ ಒಂದು ಗಳಿಗೆ ಪುಸ್ತಕ ಮುಚ್ಚಿ ಕೂರುವುದಕ್ಕೆ ನಂಬಿಕೆ ಬೇಕಾಗಿಲ್ಲ. ನನಗೆ ಅದಿಲ್ಲ. ಈ ಮಾತುಗಳು ಆಕಾಶದಿಂದ ಇಳಿದವು ಎಂದು ನಾನು ಒಪ್ಪಿದವನಲ್ಲ. ಇಳಿದಿಲ್ಲ ಎಂದು ಸಾಧಿಸಿ ತೋರಿಸುವ ಹುಮ್ಮಸ್ಸೂ ಇಲ್ಲ. ಬೆಳಗಿನ ಹೊತ್ತು, ಫೋನು ಬಾಯಿ ತೆರೆಯುವ ಮುಂಚೆ, ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಅನುವಾದವೊಂದನ್ನು ತೆರೆದು ಒಂದೆರಡು ಪುಟ ಓದುತ್ತೇನೆ, ಅಷ್ಟೆ.

ಕನ್ನಡದ ಓದುಗನಿಗೆ ಇದು ಹೊಸ ಅಭ್ಯಾಸವೇನೂ ಅಲ್ಲ. ಪಂಪ 941ರಲ್ಲಿ ಬರೆದ ಆದಿಪುರಾಣವನ್ನು ಓದುವವರೆಲ್ಲ ಜೈನರೇ? ಭವಾವಳಿಯಲ್ಲಿ ನಂಬಿಕೆಯಿಲ್ಲದವನ ಎದೆಯೂ ನೀಲಾಂಜನೆಯ ನೃತ್ಯದ ಮುಂದೆ ಝಲ್ಲೆನ್ನುತ್ತದೆ. ದೇವರಿಲ್ಲ ಎನ್ನುವವರು ಕುಮಾರವ್ಯಾಸನನ್ನು ಬಾಯಿತುಂಬ ಹೇಳುತ್ತಾರೆ, ಲಿಂಗ ಕಟ್ಟದವರು ಅಕ್ಕನ ವಚನಗಳನ್ನು ಹಾಡಿಕೊಳ್ಳುತ್ತಾರೆ. ಇನ್ನೊಬ್ಬರ ದೇವರ ಮನೆಯ ಹೊಸ್ತಿಲಲ್ಲಿ ಕೂತು ಕಾವ್ಯ ಕೇಳುವುದನ್ನು ಸಾವಿರ ವರ್ಷದಿಂದ ಕಲಿತಿದ್ದೇವೆ. ಈ ಒಂದು ಹೊಸ್ತಿಲಿಗೆ ಬಂದಾಗ ಮಾತ್ರ ಕಾಲು ಹಿಂಜರಿಯುತ್ತದೆ. ಯಾಕೆಂದು ಕೇಳಿಕೊಂಡರೆ ಸಿಗುವ ಉತ್ತರಗಳಲ್ಲಿ ಸಾಹಿತ್ಯಕ್ಕೆ ಸಂಬಂಧಪಟ್ಟದ್ದು ಒಂದೂ ಇರುವುದಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ಪಂಪ ತನ್ನನ್ನು ಕವಿ ಎಂದು ಕರೆದುಕೊಂಡ. ಕುರ್‌ಆನ್ ಮಾತ್ರ ಇದು ಕವಿಯ ಮಾತಲ್ಲ ಎಂದು ಮತ್ತೆ ಮತ್ತೆ ಹೇಳುತ್ತದೆ. ಕವಿಗಳ ಹೆಸರಿನಲ್ಲೇ ಇರುವ 26ನೆಯ ಸೂರಾದ ಕೊನೆಯಲ್ಲಿ ಅವರ ಮೇಲೆ ದೂರಿದೆ: ಕಣಿವೆ ಕಣಿವೆ ಅಲೆಯುತ್ತಾರೆ, ಮಾಡದ್ದನ್ನು ಆಡುತ್ತಾರೆ. ಕವಿಗೆ ಜಿನ್ ಹಿಡಿದಿರುತ್ತದೆ ಎಂದು ನಂಬಿದ್ದ ಕಾಲ ಅದು. ಪದ್ಯವೊಂದು ಗೋತ್ರದ ಮಾನ ಕಟ್ಟುತ್ತಿತ್ತು, ಕಳೆಯುತ್ತಿತ್ತು. ಅಂಥ ಜನರ ನಡುವೆ ನಿಂತು, ಪ್ರಾಸದ ಮೇಲೆ ಪ್ರಾಸ ಬರುವ ಗದ್ಯದಲ್ಲಿ, ನಾನು ಕವಿತೆಯಲ್ಲ ಎಂದು ಹೇಳಬೇಕಾಯಿತು. ಹಾಗಾಗಿ ಇದನ್ನು ಸಾಹಿತ್ಯವೆಂದು ಓದುವವನು ಪುಸ್ತಕದ ಇಚ್ಛೆಗೆ ವಿರುದ್ಧವಾಗಿ ಓದುತ್ತಿರುತ್ತಾನೆ. ಅದು ನೆನಪಿದ್ದರೆ ಓದು ಸ್ವಲ್ಪ ವಿನಯ ಕಲಿಯುತ್ತದೆ.

ಹಾಗೆಂದು ಇದು ಹೊರಗಿನವರಷ್ಟೇ ಹಿಡಿದ ದಾರಿ ಎಂದುಕೊಳ್ಳುವಂತಿಲ್ಲ. 11ನೆಯ ಶತಮಾನದ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ ಶ್ರದ್ಧಾವಂತ ಮುಸ್ಲಿಮ, ವ್ಯಾಕರಣ ಬಲ್ಲವನು. ಈ ಗ್ರಂಥದ ಸೊಗಸು ಎಲ್ಲಿದೆ ಎಂದು ಹುಡುಕುತ್ತ ಹೋಗಿ, ಅದು ಬಿಡಿ ಪದಗಳಲ್ಲಿಲ್ಲ, ಪದ ಪದಕ್ಕೆ ಹೆಣೆದುಕೊಳ್ಳುವ ರೀತಿಯಲ್ಲಿದೆ ಎಂದು ವಾದಿಸಿದ. ಅದನ್ನು ತೋರಿಸಲು ಅರಬ್ಬಿಯ ಹಳೆಯ ಕವಿತೆಗಳನ್ನೂ ಪಕ್ಕದಲ್ಲಿಟ್ಟುಕೊಂಡು ಬಿಡಿಸಿದ. ಸೂಕ್ಷ್ಮ ಓದು ಭಕ್ತಿಗೆ ವೈರಿ ಎಂದು ಅವನಿಗೆ ಅನಿಸಲಿಲ್ಲ.

ಮೊದಲ ಪುಟದಿಂದ ಕಾದಂಬರಿಯಂತೆ ಓದಲು ಹೊರಟವರು ಬಹಳ ಜನ ಅರ್ಧಕ್ಕೇ ಬಿಟ್ಟಿರುತ್ತಾರೆ. 1840ರಲ್ಲಿ ಮುಹಮ್ಮದರನ್ನು ವೀರರ ಸಾಲಿನಲ್ಲಿ ನಿಲ್ಲಿಸಿ ಉಪನ್ಯಾಸ ಕೊಟ್ಟ ಥಾಮಸ್ ಕಾರ್ಲೈಲ್ ಕೂಡ ಗ್ರಂಥ ಓದುವುದು ಯಾತನೆ ಎಂದು ಗೊಣಗಿದ್ದ. ಒಟ್ಟು 114 ಸೂರಾಗಳು. ಮೊದಲನೆಯದು 7 ಆಯತ್‌ಗಳ, ಅಂದರೆ ವಾಕ್ಯಗಳ, ಪ್ರಾರ್ಥನೆ. ಎರಡನೆಯದಕ್ಕೆ ಹೋದರೆ 286. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಉದ್ದದಿಂದ ಗಿಡ್ಡಕ್ಕೆ ಇಳಿಯುವ ಕ್ರಮ; ಕಾಲಕ್ರಮವಲ್ಲ. ಮೊದಮೊದಲು ಮಕ್ಕಾದಲ್ಲಿ ಸಿಡಿದ ಚಿಕ್ಕ ಸೂರಾಗಳು ಬಹುಪಾಲು ಕೊನೆಯಲ್ಲಿವೆ. ಮದರಸಾದ ಮಕ್ಕಳು ಬಾಯಿಪಾಠ ಶುರು ಮಾಡುವುದೂ ಸಾಮಾನ್ಯವಾಗಿ ಆ ಕಡೆಯಿಂದಲೇ. ಹೊಸ ಓದುಗನಿಗೂ ಮಕ್ಕಳ ದಾರಿಯೇ ಸರಿ.

ಕಥೆ ಬೇಕೆನ್ನುವವನು ನೇರ 12ನೆಯ ಸೂರಾಕ್ಕೆ ಹೋಗಬೇಕು. ಯೂಸುಫನ ಕಥೆ, 111 ಆಯತ್. ಬೇರೆ ಪ್ರವಾದಿಗಳ ಕಥೆಗಳು ಅಲ್ಲೊಂದು ಚೂರು ಇಲ್ಲೊಂದು ಚೂರು ಚೆದುರಿದ್ದರೆ, ಇದೊಂದು ಮಾತ್ರ ಒಂದೇ ಉಸಿರಿಗೆ ನಡೆಯುತ್ತದೆ. ಬೈಬಲ್ಲಿನ ಆದಿಕಾಂಡದಲ್ಲೂ ಇರುವ ಕಥೆಯೇ. ಅಣ್ಣಂದಿರು ಹುಡುಗನನ್ನು ಬಾವಿಗೆ ಹಾಕುತ್ತಾರೆ, ರಕ್ತ ಬಳಿದ ಅಂಗಿ ತಂದು ತಂದೆಗೆ ತೋರಿಸುತ್ತಾರೆ. ಆದಿಕಾಂಡದ ಯಾಕೋಬ ಅದನ್ನು ನಂಬಿ ಬಟ್ಟೆ ಹರಿದುಕೊಂಡು ಅಳುತ್ತಾನೆ. ಇಲ್ಲಿನ ಯಾಕೂಬ್ ನಂಬುವುದಿಲ್ಲ. ಇದನ್ನು ನಿಮ್ಮ ಮನಸ್ಸೇ ಹೆಣೆದಿದೆ, ನಾನು ತಾಳಿಕೊಳ್ಳುತ್ತೇನೆ ಎನ್ನುವ ಅರ್ಥದಲ್ಲಿ ಒಂದು ಮಾತು ಆಡಿ ಸುಮ್ಮನಾಗುತ್ತಾನೆ. ತೋಳ ತಿಂದಿತು ಎಂಬ ಸುಳ್ಳನ್ನು ಮಕ್ಕಳ ಬಾಯಿಗೆ ಇಟ್ಟವನೂ ಅವನೇ. ಹುಡುಗನನ್ನು ಕಳಿಸುವ ಮುಂಚೆ, ನೀವು ಮೈಮರೆತಾಗ ತೋಳ ಹಿಡಿದೀತು ಎಂದು ಭಯ ತೋಡಿಕೊಂಡಿದ್ದ. ಅವನ ಭಯವನ್ನೇ ಅವರು ನೆಪ ಮಾಡಿಕೊಂಡು ಬಂದರು. ಅಪ್ಪಂದಿರಾದವರು ಇಲ್ಲಿ ಸ್ವಲ್ಪ ನಿಲ್ಲುತ್ತಾರೆ.

ವರ್ಷಗಳು ಕಳೆಯುತ್ತವೆ. ಬರಗಾಲದಲ್ಲಿ ಧಾನ್ಯಕ್ಕೆಂದು ಮಿಸ್ರ್‌ಗೆ, ಅಂದರೆ ಈಜಿಪ್ಟಿಗೆ, ಹೋದ ಅದೇ ಅಣ್ಣಂದಿರು ಈಗ ಕಿರಿಯವನನ್ನು ಬಿಟ್ಟು ಬರಬೇಕಾಗುತ್ತದೆ. ಅವನ ಚೀಲದಲ್ಲಿ ಅರಸನ ಬಟ್ಟಲು ಸಿಕ್ಕಿದೆ. ಈ ಸಲ ಅವರು ಕಂಡದ್ದನ್ನು ಕಂಡಂತೆ ಹೇಳುತ್ತಾರೆ: ಬೇಕಾದರೆ ಆ ಊರಿನವರನ್ನು ಕೇಳು, ಜೊತೆಗೆ ಬಂದ ವ್ಯಾಪಾರಿಗಳನ್ನು ಕೇಳು. ಯಾಕೂಬ್ ಆಡುವುದು ಅದೇ ಮಾತು. ಹಿಂದೆ ಸುಳ್ಳಿಗೆ ಕೊಟ್ಟ ಉತ್ತರವನ್ನೇ ಈಗ ನಿಜಕ್ಕೂ ಕೊಡುತ್ತಾನೆ. ಒಮ್ಮೆ ಸುಳ್ಳಾಡಿದವರಿಗೆ ಸಿಗುವ ಶಿಕ್ಷೆ ಇದು ಎಂದು ಓದಬಹುದು. ಇನ್ನೂ ಒಂದು ಪದರ ಕೆಳಗೆ ಹೋದರೆ ಮುದುಕ ತಪ್ಪಿಲ್ಲ ಎಂದೂ ತಿಳಿಯುತ್ತದೆ. ಬಟ್ಟಲು ಚೀಲಕ್ಕೆ ಬಂದದ್ದು, ಬಾವಿಯಿಂದ ಪಾರಾಗಿ ಈಗ ಅಲ್ಲೇ ಅಧಿಕಾರಿಯಾಗಿದ್ದ ಯೂಸುಫ್ ಹೂಡಿದ ಆಟ, ಆ ಆಟದ ಬೇರು ಹಳೆಯ ಬಾವಿಯಲ್ಲೇ ಇದೆ. ಕಾದಂಬರಿಕಾರನೊಬ್ಬ ನೂರು ಪುಟದಲ್ಲಿ ಬಿಡಿಸುವುದನ್ನು ಇಲ್ಲಿ ಒಂದು ವಾಕ್ಯವನ್ನು ಎರಡು ಸಲ ಇಟ್ಟು ಮುಗಿಸಲಾಗಿದೆ. ಥಾಮಸ್ ಮನ್ ಈ ಕಥೆಯನ್ನು ನಾಲ್ಕು ಸಂಪುಟಗಳಿಗೆ ಬೆಳೆಸಿದ. ಅದೂ ದೊಡ್ಡ ಕೃತಿಯೇ, ಬೇರೆ ಮಾತು.

ಅಂಗಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಕಥೆಯಲ್ಲಿ ಅದು ಮೂರು ಸಲ ಬರುತ್ತದೆ. ಮೊದಲನೆಯ ಅಂಗಿಯಲ್ಲಿ ರಕ್ತವಿತ್ತು, ಹರುಕಿರಲಿಲ್ಲ, ಎಂಥ ನಾಜೂಕಿನ ತೋಳ ಅದು ಎಂದು ಹಳೆಯ ವ್ಯಾಖ್ಯಾನಕಾರರು ಯಾಕೂಬ್‌ನ ಬಾಯಲ್ಲಿ ಆಡಿಸುತ್ತಾರೆ. ಎರಡನೆಯದು, ಯೂಸುಫನನ್ನು ಕೊಂಡು ಮನೆಯಲ್ಲಿಟ್ಟುಕೊಂಡಿದ್ದ ಅಜೀಜನ ಹೆಂಡತಿ ಅಟ್ಟಿಸಿಕೊಂಡು ಬಂದಾಗ ಬೆನ್ನ ಕಡೆಯಿಂದ ಹರಿದದ್ದು. ಆ ಹರುಕೇ ಅವನ ನಿರ್ದೋಷಕ್ಕೆ ಸಾಕ್ಷಿಯಾಗುತ್ತದೆ. ಮೂರನೆಯದನ್ನು ಮುಖದ ಮೇಲೆ ಹಾಕಿದಾಗ ಅತ್ತು ಅತ್ತು ಬೆಳ್ಳಗಾಗಿದ್ದ ತಂದೆಯ ಕಣ್ಣು ತೆರೆಯುತ್ತದೆ. ಅಂಗಿ ಇನ್ನೂ ದಾರಿಯಲ್ಲಿರುವಾಗಲೇ ಮುದುಕನಿಗೆ ಮಗನ ವಾಸನೆ ಬಡಿಯುತ್ತದೆ. ನನಗೆ ಅರಳುಮರಳು ಎನ್ನದಿದ್ದರೆ ಹೇಳುತ್ತೇನೆ ಎಂದು ಹಿಂಜರಿದು ಹೇಳುತ್ತಾನೆ. ಮನೆಯವರು ಅದನ್ನೇ ಅನ್ನುತ್ತಾರೆ.

ಅಜೀಜನ ಹೆಂಡತಿಗೆ ಗ್ರಂಥದಲ್ಲಿ ಹೆಸರಿಲ್ಲ. ತಪ್ಪು ಒಪ್ಪಿಕೊಂಡ ಮೇಲೆ ಅವಳೇನಾದಳು ಎಂಬುದೂ ಇಲ್ಲ. ಆ ಬಿಟ್ಟ ಜಾಗದಲ್ಲೇ ಜುಲೈಖಾ ಬೆಳೆದಳು. ಪಾರಸಿಯ ಜಾಮಿ 1483ರಲ್ಲಿ ಅವಳಿಗಾಗಿ ಒಂದು ಕಾವ್ಯವನ್ನೇ ಬರೆದ.

ಅನುವಾದದಲ್ಲಿ ಕೈಗೆ ಸಿಗದೆ ಉಳಿಯುವುದು ನಾದ. 55ನೆಯ ಸೂರಾದ 78 ಆಯತ್‌ಗಳಲ್ಲಿ ಒಂದೇ ಪ್ರಶ್ನೆ 31 ಸಲ ಮರಳುತ್ತದೆ. ಪುಟದಲ್ಲಿ ನೋಡಿದರೆ ಇದೇಕೆ ಇಷ್ಟು ಸಲ ಎನಿಸುತ್ತದೆ. ಗ್ರಂಥ ಪಠಿಸುವ ಒಳ್ಳೆಯ ಖಾರಿಯೊಬ್ಬರ ದನಿಯಲ್ಲಿ ಕೇಳಿದರೆ ಪಲ್ಲವಿಗೆ ಮರಳುವ ಹಾಡುಗಾರನ ಹಾಗೆ, ಪ್ರತಿ ಸಲವೂ ಅದು ಬೇರೆ ಎತ್ತರದಿಂದ ಬರುತ್ತದೆ. ಅರಬ್ಬಿ ಬಾರದ ನನಗೆ ಅರ್ಥ ಒಂದು ಕಡೆ, ನಾದ ಇನ್ನೊಂದು ಕಡೆ ಸಿಕ್ಕುತ್ತವೆ. ಎರಡೂ ಒಂದೇ ಕಡೆ ಕೂಡಿ ಬರುವುದಿಲ್ಲ.

ನಂಬದವನನ್ನು ಈ ಗ್ರಂಥ ಹೊರಗೆ ನಿಲ್ಲಿಸುತ್ತದೆ ಎಂದುಕೊಂಡಿದ್ದೆ. ಒಳಗೆ ಹೋದರೆ ಅವನಿಗೆ ಅಲ್ಲಿ ಮೊದಲಿನಿಂದಲೂ ಜಾಗವಿದೆ. ಮಕ್ಕಾದ ವಿರೋಧಿಗಳು ಆಡಿದ್ದೆಲ್ಲ ಅಲ್ಲಿ ದಾಖಲಾಗಿದೆ. ಇವೆಲ್ಲ ಅಜ್ಜನ ಕಾಲದ ಕಥೆಗಳು ಎಂದರು. ಯಾರೋ ಹೇಳಿಕೊಡುತ್ತಿದ್ದಾರೆ ಎಂದರು. ಊಟ ಮಾಡುತ್ತಾನೆ, ಸಂತೆಯಲ್ಲಿ ತಿರುಗುತ್ತಾನೆ, ಇವನೆಂಥ ಪ್ರವಾದಿ ಎಂದರು. ಪುಡಿಯಾದ ಎಲುಬಿಗೆ ಮತ್ತೆ ಜೀವ ಕೊಡುವವರು ಯಾರು ಎಂದು ಕೇಳಿದರು. ಕೊನೆಯ ಪ್ರಶ್ನೆ ನನ್ನದೂ ಹೌದು. ನಾನು ಸಭಿಕರ ಸಾಲಿನಲ್ಲಿ ಕೂತು ಶೈಲಿಯನ್ನು ಮೆಚ್ಚಿಕೊಳ್ಳಲು ಬಂದವನು; ಪುಸ್ತಕ ಬೆರಳು ಮಾಡಿ, ನಿನಗೇ ಹೇಳುತ್ತಿರುವುದು ಎನ್ನುತ್ತದೆ. ಇದು ಹಿತವಲ್ಲ. ಮೆಚ್ಚುವವನಿಗೆ ಮಾತ್ರ ಹೇಳಿದ ಮಾತಿಗಿಂತ ಒಪ್ಪದವನಿಗೆ ಹೇಳಿದ ಮಾತು ಮೊನಚಾಗಿರುವುದೂ ಸಹಜ.

ನನ್ನ ಈ ಆರಾಮದ ಓದಿಗೆ ಇನ್ನೊಂದು ಊರಿನಲ್ಲಿ ಬೆಲೆ ತೆತ್ತವರಿದ್ದಾರೆ. ಕೈರೋದಲ್ಲಿ ವಿದ್ವಾಂಸ ಅಮೀನ್ ಅಲ್ ಖೂಲಿಯ ಶಿಷ್ಯ ಮುಹಮ್ಮದ್ ಅಹ್ಮದ್ ಖಲಫಲ್ಲಾ, ಕುರ್‌ಆನಿನ ಕಥೆಗಳು ಇತಿಹಾಸ ಹೇಳಲು ಬಂದವಲ್ಲ, ಮನಸ್ಸನ್ನು ಅಲುಗಿಸಲು ಬಂದವು ಎಂಬ ಧಾಟಿಯಲ್ಲಿ ಬರೆದ ಪ್ರಬಂಧವನ್ನು 1947ರಲ್ಲಿ ವಿಶ್ವವಿದ್ಯಾಲಯ ತಿರಸ್ಕರಿಸಿತು. ನಸ್ರ್ ಹಾಮಿದ್ ಅಬು ಜೈದ್ ಗ್ರಂಥವನ್ನು ಭಾಷೆ ಮತ್ತು ಕಾಲದೊಳಗಿಟ್ಟು ಓದಿದರು. 1995ರಲ್ಲಿ ನ್ಯಾಯಾಲಯ ಅವರನ್ನು ಧರ್ಮ ಬಿಟ್ಟವರೆಂದು ಹೇಳಿ ಮದುವೆಯನ್ನೇ ರದ್ದು ಮಾಡಿತು. ಗಂಡಹೆಂಡತಿ ದೇಶ ಬಿಟ್ಟು ನೆದರ್‌ಲ್ಯಾಂಡ್ಸ್‌ನ ಲೈಡನ್‌ಗೆ ಹೋದರು. ಅಬು ಜೈದ್ ಕೊನೆಯವರೆಗೂ ತಾನು ಮುಸ್ಲಿಮನೆಂದೇ ಹೇಳಿಕೊಂಡವರು. ನಂಬುತ್ತ ಹೀಗೆ ಓದುವುದು ಕಷ್ಟದ ಕೆಲಸ. ನಂಬದೆ ಓದುವ ನನ್ನದು ಸಲೀಸು.

ಸಲೀಸು ಎಂದೆ, ಎಲ್ಲ ಪುಟಗಳೂ ಸಲೀಸಲ್ಲ. 111ನೆಯ ಸೂರಾ ಐದೇ ಆಯತ್‌ಗಳ ಶಾಪ. ಹೆಸರು ಹಿಡಿದು ಶಪಿಸಿರುವುದು ಪ್ರವಾದಿಯ ಚಿಕ್ಕಪ್ಪ ಅಬು ಲಹಬ್‌ನನ್ನು, ಜೊತೆಗೆ ಅವನ ಹೆಂಡತಿಯನ್ನು. ಸೌದೆ ಹೊರುವ ಆ ಹೆಂಗಸಿನ ಕೊರಳಿಗೆ ನಾರಿನ ಹಗ್ಗ ಹಾಕಿ ಸೂರಾ ನಿಲ್ಲುತ್ತದೆ. ಬಿಗಿ ಎಂದರೆ ಅಂಥ ಬಿಗಿ. ಮೆಚ್ಚಿದರೂ ಆ ಹಗ್ಗದ ಬಳಿ ನನಗೆ ಇರಿಸುಮುರಿಸಾಗುತ್ತದೆ. ಯುದ್ಧದ, ದಂಡನೆಯ ಆಯತ್‌ಗಳ ಬಳಿಯೂ ಅಷ್ಟೆ. ಸಾಹಿತ್ಯ ಎಂದುಬಿಟ್ಟ ಮಾತ್ರಕ್ಕೆ ಅವು ಮೆತ್ತಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಇಡೀ ಸೂರಾ ಓದಿದವನು ಆ ಒಂದು ಸಾಲನ್ನು ಕಿತ್ತು ಎದುರಿನವನ ಮೇಲೆ ಎಸೆಯಲು ಹಿಂದುಮುಂದು ನೋಡುತ್ತಾನೆ. ಇವತ್ತು ಫೋನಿನಿಂದ ಫೋನಿಗೆ ಹಾರಾಡುವುದು ಕಿತ್ತ ಸಾಲುಗಳೇ. ಪರವಾಗಿ ಎಸೆಯುವವರೂ ವಿರೋಧವಾಗಿ ಎಸೆಯುವವರೂ ಅದರ ಹಿಂದಿನ ಹತ್ತು ಸಾಲು ಓದಿರುವುದಿಲ್ಲ.

ನಾನು ಮತ್ತೆ ಮತ್ತೆ ತೆರೆಯುವುದು 18ನೆಯ ಸೂರಾ. ಗುಹೆಯಲ್ಲಿ ನೂರಾರು ವರ್ಷ ಮಲಗಿದ ಯುವಕರ ಕಥೆ ಅಲ್ಲಿದೆ, ಬಾಗಿಲಲ್ಲಿ ಕಾಲು ಚಾಚಿದ ಅವರ ನಾಯಿಯೂ ಇದೆ. ಎಷ್ಟು ಜನ ಮಲಗಿದ್ದರು? ಮೂವರೆನ್ನುವವರು, ಐವರೆನ್ನುವವರು, ಏಳೆನ್ನುವವರು ಇದ್ದಾರೆ ಎಂದು ಹೇಳಿ, ಅದರ ಮೇಲೆ ಜಗಳಕ್ಕೆ ಹೋಗಬೇಡ ಎಂದು ಗ್ರಂಥ ಮುಂದಕ್ಕೆ ನಡೆಯುತ್ತದೆ. ಪ್ರತಿಯೊಂದು ಲೆಕ್ಕದಲ್ಲೂ ನಾಯಿಯನ್ನು ಮಾತ್ರ ಬಿಟ್ಟಿಲ್ಲ.

ಅದೇ ಸೂರಾದಲ್ಲಿ ಪ್ರವಾದಿ ಮೂಸಾ ಒಬ್ಬ ಜ್ಞಾನಿಯ ಹಿಂದೆ ಹೊರಡುತ್ತಾನೆ. ಪರಂಪರೆ ಅವನನ್ನು ಖಿಜ್ರ್ ಎನ್ನುತ್ತದೆ. ನಾನಾಗಿ ಹೇಳುವವರೆಗೆ ಏನನ್ನೂ ಕೇಳಬಾರದು ಎಂಬುದು ಅವನ ಷರತ್ತು. ದಾರಿಯಲ್ಲಿ ಅವನು ಬಡವರ ದೋಣಿಗೆ ತೂತು ಮಾಡುತ್ತಾನೆ. ಒಬ್ಬ ಹುಡುಗನನ್ನು ಕೊಲ್ಲುತ್ತಾನೆ. ಅನ್ನ ಕೊಡದ ಊರಿನಲ್ಲಿ ಬೀಳುತ್ತಿದ್ದ ಗೋಡೆಯನ್ನು ಪುಕ್ಕಟೆ ನಿಲ್ಲಿಸಿಕೊಡುತ್ತಾನೆ. ಮೂಸಾ ಮೂರು ಸಲವೂ ಬಾಯಿ ಬಿಡುತ್ತಾನೆ, ಮೂರನೆಯದಕ್ಕೆ ಸಂಗ ಮುಗಿಯುತ್ತದೆ. ಆಮೇಲೆ ಖಿಜ್ರ್ ವಿವರಿಸುತ್ತಾನೆ. ಗಟ್ಟಿ ದೋಣಿಗಳನ್ನೆಲ್ಲ ಕಸಿದುಕೊಳ್ಳುವ ಅರಸ ಹಿಂದೆ ಬರುತ್ತಿದ್ದ. ಗೋಡೆಯ ಅಡಿ ಅನಾಥ ಮಕ್ಕಳ ನಿಧಿ ಇತ್ತು. ಇವೆರಡನ್ನೂ ನಾನು ಒಪ್ಪುತ್ತೇನೆ. ಹುಡುಗ ಮುಂದೆ ಒಳ್ಳೆಯ ತಂದೆತಾಯಿಯನ್ನು ದಾರಿ ತಪ್ಪಿಸುತ್ತಿದ್ದ ಎಂಬ ವಿವರಣೆ ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ. ನಿರಪರಾಧಿಯನ್ನು ಕೊಂದೆಯಲ್ಲ ಎಂದು ಮೂಸಾ ಸಿಡಿದದ್ದೇ ನನಗೆ ಸರಿ ಕಾಣುತ್ತದೆ. ಆ ಸಿಡಿತವನ್ನು ಗ್ರಂಥ ಅಳಿಸಿಲ್ಲ, ಮೆತ್ತಗೂ ಮಾಡಿಲ್ಲ. ವಿವರಣೆ ಮುಗಿದ ಮೇಲೆ ಮೂಸಾ ಏನೆಂದ ಎಂಬುದನ್ನೂ ಹೇಳಿಲ್ಲ. ಮುಂದಿನ ಆಯತ್‌ನಲ್ಲಿ ದುಲ್‌ಖರ್‌ನೈನ್ ಎಂಬ ಬೇರೆಯೇ ಅರಸನ ಕಥೆ ಶುರುವಾಗುತ್ತದೆ. ನಂಬುವವರು ಮೂಸಾನ ಆ ಮೌನವನ್ನು ಒಪ್ಪಿಗೆಯೆಂದು ಓದುತ್ತಾರೆ. ಹಾಗೆ ಓದಲು ಸೂರಾದಲ್ಲಿ ಆಧಾರವೂ ಇದೆ. ನಾನು ಅಲ್ಲಿ ಅವರ ಜೊತೆ ಹೋಗಲಾರೆ.