ಮುಯ್ಯಿ ಇಲ್ಲದ ನಂಟು

ಅಕ್ಕನ ಮಗಳ ಕಾಲೇಜಿನಲ್ಲಿ ಕಳೆದ ವರ್ಷ ಉದ್ಯೋಗ ಮಾರ್ಗದರ್ಶನ ಅಂತ ಒಂದು ಕಾರ್ಯಕ್ರಮ ಇತ್ತು. ಅವಳನ್ನು ಬೈಕಿನಲ್ಲಿ ಬಿಟ್ಟು ಬರಲು ಹೋದ ನಾನು ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟೆ. ಬೆಂಗಳೂರಿಂದ ಬಂದಿದ್ದ ತರಬೇತುದಾರರು ಪರದೆಯ ಮೇಲೆ ಲಿಂಕ್ಡ್‌ಇನ್ ತೆರೆದು, 'ಐನೂರು ಕನೆಕ್ಷನ್ ದಾಟೋವರೆಗೂ ನೀವು ಮಾರ್ಕೆಟ್ಟಿನಲ್ಲಿ ಇಲ್ಲ ಅಂತಲೇ ಲೆಕ್ಕ. ಪ್ರತಿ ಸಂಬಂಧವೂ ಒಂದು ಅಸೆಟ್ಟು' ಎಂದರು. ಮುಂದಿನ ಸಾಲಿನ ಹುಡುಗಿಯರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ನಾಗಮಂಗಲದ ಬೋರೆಗಳಲ್ಲಿ ರಾಗಿ, ಹುರುಳಿ ಬೆಳೆಯುವ ಮನೆಗಳ ಮಕ್ಕಳು ಅವರು. ಒಬ್ಬೊಬ್ಬರಿಗೂ ಐನೂರು ಜನರ ಪರಿಚಯ ಆಗಲೇ ಇದೆ. ಯಾರ ಮನೆ, ಯಾವ ಹೊಲ, ಯಾರಿಗೆ ಯಾರು ಏನಾಗಬೇಕು ಎಂಬುದೆಲ್ಲ ಬಾಯಲ್ಲೇ ಇದೆ. ಆ ಐನೂರು ಲೆಕ್ಕಕ್ಕೆ ಬರುವುದಿಲ್ಲ ಅಂತ ಅವರಿಗೆ ಅವತ್ತು ಗೊತ್ತಾಯಿತು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದು ನ್ಯಾಯದ ಸಿಟ್ಟೋ ಅಲ್ಲವೋ ನೋಡಿಕೊಳ್ಳಬೇಕು ಅಂತ ಬರೆಯಲು ಕೂತಿದ್ದೇನೆ.

ನಾನೂ ಹನ್ನೆರಡು ವರ್ಷದಿಂದ ಆ ತಾಣದಲ್ಲಿದ್ದೇನೆ. ಹುಟ್ಟಿದ್ದು ದೇವಲಾಪುರ ಹೋಬಳಿಯ ಒಂದು ಊರಿನಲ್ಲಿ. ಪೀಣ್ಯದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ, ಕ್ವಾಲಿಟಿ ವಿಭಾಗದಲ್ಲಿ ಹದಿನಾರು ವರ್ಷ ದುಡಿದೆ. 2020ರಲ್ಲಿ ಒಂದು ಫೋನಿನಲ್ಲಿ ಆ ಕೆಲಸ ಮುಗಿಯಿತು. ಆಮೇಲೆ ನನ್ನ ಫೋಟೋದ ಸುತ್ತ 'ಓಪನ್ ಟು ವರ್ಕ್' ಎಂಬ ಹಸಿರು ಉಂಗುರ ಹಾಕಿಕೊಂಡೆ. ಬೆಳಗ್ಗೆ ಎದ್ದ ಕೂಡಲೇ ಪ್ರೊಫೈಲನ್ನು ಯಾರು ನೋಡಿದ್ದಾರೆ ಅಂತ ನೋಡುವುದು ಚಟವಾಯಿತು. ಯಾರಿಗೋ ಬಡ್ತಿ ಸಿಕ್ಕರೆ ಅಭಿನಂದನೆಯ ಮಾತು ಸಿದ್ಧವಾಗಿ ಕೂತಿರುತ್ತದೆ, ಬೆರಳು ತಾಗಿಸಿದರೆ ಸಾಕು. ನನಗೂ ಹಾಗೇ ಬಂದವು, ಐದು ಜನರಿಂದ ಅಕ್ಷರವೂ ಬದಲಾಗದ ಒಂದೇ ಮಾತು. ಅರ್ಜಿ ಹಾಕಿದ ಕಡೆಗಳಿಂದ ನಡುರಾತ್ರಿ ಬರುವ 'ಈ ಸಲ ಸಾಧ್ಯವಾಗಲಿಲ್ಲ' ಎಂಬ ಮೇಲ್‌ಗಳಿಗೆ ತಿರುಗಿ ಉತ್ತರ ಬರೆಯುವ ಹಾಗೂ ಇರಲಿಲ್ಲ. ಇಷ್ಟೆಲ್ಲ ಆದರೂ ಮುಚ್ಚಲಿಲ್ಲ. ಇವತ್ತು ಬೆಳಗ್ಗೆಯೂ ತೆರೆದಿದ್ದೇನೆ.

ಈ ಮಾತು ಎತ್ತಿದರೆ ಓದಿದವರು ಕೊಡುವ ಉತ್ತರಗಳು ನನಗೆ ಗೊತ್ತಿವೆ. ತನ್ನನ್ನು ತಾನು ಬಣ್ಣಿಸಿಕೊಳ್ಳಬಾರದೆಂದು ಬಸವಣ್ಣನವರು ಹನ್ನೆರಡನೇ ಶತಮಾನದಲ್ಲೇ ಹೇಳಿದ್ದಾರೆ. ದುಡಿಯುವವನು ಸರಕಾಗುತ್ತಾನೆ ಎಂದು ಮಾರ್ಕ್ಸ್ ಹೇಳಿದ್ದಾರೆ. ನಾವೆಲ್ಲ ವೇಷ ಕಟ್ಟಿದವರೇ ಎಂದು ಸಮಾಜಶಾಸ್ತ್ರಜ್ಞ ಗಾಫ್‌ಮನ್. ಫಲದ ಆಸೆ ಬಿಡು ಎಂದು ಗೀತೆ. ಇರಲಿ. ಕೆಲಸ ಕಳೆದುಕೊಂಡು ಮನೆ ಬಾಡಿಗೆ ಕಟ್ಟಬೇಕಾದವನಿಗೆ ಈ ನಾಲ್ಕರಿಂದಲೂ ಅಂಥ ಪ್ರಯೋಜನವಿಲ್ಲ.

ನನ್ನ ಜಗಳ ಇರುವುದು ರೀಡ್ ಹಾಫ್‌ಮನ್ ಜೊತೆ. 2002ರ ಕೊನೆಯಲ್ಲಿ ಗೆಳೆಯರೊಂದಿಗೆ ಸೇರಿ ಈ ತಾಣ ಕಟ್ಟಿದವರು ಅವರು. 2003ರ ಮೇ 5ರಂದು ಅದು ತೆರೆಯಿತು, 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2,620 ಕೋಟಿ ಡಾಲರ್ ಕೊಟ್ಟು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಹಾಫ್‌ಮನ್ ಬರೀ ವ್ಯಾಪಾರಿಯಲ್ಲ, ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ ಓದಿದವರು. ಆದ್ದರಿಂದಲೇ ಅವರ ಜೊತೆ ವಾದ ಮಾಡಬೇಕು ಅನ್ನಿಸುತ್ತದೆ. 2012ರಲ್ಲಿ ಬೆನ್ ಕಾಸ್ನೋಚಾ ಜೊತೆ ಬರೆದ 'ದಿ ಸ್ಟಾರ್ಟ್-ಅಪ್ ಆಫ್ ಯೂ' ಪುಸ್ತಕದಲ್ಲಿ ಅವರ ನಿಲುವು ಸ್ಪಷ್ಟವಾಗಿದೆ: ಪ್ರತಿಯೊಬ್ಬರ ಬದುಕೂ ಒಂದು ಪುಟ್ಟ ಕಂಪನಿ, ಅದನ್ನು ನಡೆಸುವವರು ನಾವೇ. ಮನುಷ್ಯರೆಲ್ಲ ಹುಟ್ಟಾ ಉದ್ಯಮಿಗಳು, ಗುಹೆಯಲ್ಲಿದ್ದಾಗಲೂ ತಮ್ಮ ಅನ್ನ ತಾವೇ ಹುಡುಕಿಕೊಂಡವರು ಎಂಬ ಬಾಂಗ್ಲಾದೇಶದ ಅರ್ಥಶಾಸ್ತ್ರಜ್ಞ ಮುಹಮ್ಮದ್ ಯೂನಸ್ ಅವರ ವಿಚಾರದಿಂದ ಪುಸ್ತಕ ಶುರುವಾಗುತ್ತದೆ.

ಇಲ್ಲೇ ನಾನು ತಡೆದು ನಿಲ್ಲಿಸುತ್ತೇನೆ. ಗುಹೆಯ ಸಂಗತಿ ನನಗೆ ಗೊತ್ತಿಲ್ಲ, ರಾಗಿ ಹೊಲದ್ದು ಗೊತ್ತು. ಕನ್ನಂಬಾಡಿ ಕಟ್ಟೆಯ ನಾಲೆ ನೀರು ನಮ್ಮೂರಿಗೆ ಹತ್ತಲಿಲ್ಲ. ಮಳೆ ಬಿದ್ದಾಗ ಎಲ್ಲರ ಹೊಲವೂ ಒಂದೇ ಸಲ ಕಳೆಗೆ ಬರುತ್ತಿತ್ತು, ಕುಯ್ಲಿಗೂ ಅಷ್ಟೆ. ಒಂದೇ ಮನೆಯವರು ಮಾಡಿ ಮುಗಿಸುವ ಕೆಲಸವಲ್ಲ, ಕೂಲಿಗೆ ಕಾಸಿಲ್ಲ. ಅದಕ್ಕೆ ಇದ್ದದ್ದು ಮುಯ್ಯಾಳು. ಇವತ್ತು ನಾವು ನಾಲ್ಕು ಜನ ನಿಮ್ಮ ಹೊಲಕ್ಕೆ ಬಂದರೆ, ನಮ್ಮದು ಕುಯ್ಯುವ ದಿನ ನಿಮ್ಮ ಮನೆಯಿಂದ ನಾಲ್ಕು ಜನ ಬರಬೇಕು. ಯಾರೂ ಚೀಟಿ ಬರೆಯುತ್ತಿರಲಿಲ್ಲ. ಬಾರದೆ ಹೋದವರ ಹೆಸರು ಮಾತ್ರ ಇಪ್ಪತ್ತು ವರ್ಷವಾದರೂ ಮರೆಯುತ್ತಿರಲಿಲ್ಲ. 'ಅವ್ರು ಮುಯ್ಯಿ ತೀರುಸ್ಲಿಲ್ಲ ಕಣ್ಲಾ' ಎಂದು ಅವ್ವ ಈಗಲೂ ಒಂದು ಮನೆಯ ಕಡೆ ಕೈ ತೋರುತ್ತಾಳೆ. ತನ್ನ ಅನ್ನ ತಾನೇ ಹುಡುಕಿಕೊಂಡ ಒಂಟಿ ಉದ್ಯಮಿಯನ್ನು ನಾನು ಆ ಹೊಲಗಳಲ್ಲಿ ಕಂಡಿಲ್ಲ.

ಹಾಗಾಗಿ ನನ್ನ ವಾದ ಹೀಗೆ ಹೊರಟಿತು. ನಂಟು ಅನ್ನುವುದು ನನ್ನನ್ನು ಕೇಳುವ ಹಕ್ಕನ್ನು ಇನ್ನೊಬ್ಬರ ಕೈಗೆ ಕೊಡುತ್ತದೆ. ಆಸ್ತಿ ಏನನ್ನೂ ಕೇಳುವುದಿಲ್ಲ. ಲಿಂಕ್ಡ್‌ಇನ್ನಿನಲ್ಲಿ ಬಂದ ಕೋರಿಕೆಯನ್ನು ಕಡೆಗಣಿಸಿದರೆ ಕಳಿಸಿದವರಿಗೆ ಗೊತ್ತೂ ಆಗುವುದಿಲ್ಲ. ಬಾರದೆ ಹೋದವರ ಹೆಸರು ಅಲ್ಲಿ ಯಾರ ಬಾಯಲ್ಲೂ ಉಳಿಯುವುದಿಲ್ಲ. ಮೂವತ್ತು ಸಾವಿರದವರೆಗೆ ಕನೆಕ್ಷನ್ ಇಟ್ಟುಕೊಳ್ಳಲು ಬಿಡುವ ಜಾಗದಲ್ಲಿ ಒಬ್ಬರಿಗೂ ಮುಯ್ಯಿ ತೀರಿಸಬೇಕಿಲ್ಲ.

ಬರೆದ ಮೇಲೆ ಒಂದು ಅನುಮಾನ ಬಂತು. ಆಸ್ತಿ ಏನೂ ಕೇಳುವುದಿಲ್ಲ ಅಂತ ರೈತನ ಮಗ ಹೇಳಬಹುದೇ? ಎತ್ತು ಕೇಳುತ್ತದೆ, ತೆಂಗಿನ ಸಸಿ ನೀರು ಕೇಳುತ್ತದೆ. ಮನೆಯಲ್ಲಿ ಸಾವಾದ ದಿನವೂ ಕೊಟ್ಟಿಗೆಯ ಹಸು ಹಾಲು ಕರೆಯಲು ಕೂಗಿದ್ದನ್ನು ನೋಡಿದ್ದೇನೆ. ಹಾಗಿದ್ದರೆ ನನಗೆ ಸಿಟ್ಟು ಬಂದದ್ದು ಆಸ್ತಿ ಎಂಬ ಪದದ ಮೇಲಲ್ಲ, ಏನನ್ನೂ ಕೇಳದ ಆಸ್ತಿಯ ಮೇಲೆ. ಹಾಫ್‌ಮನ್ ಇದನ್ನು ಒಪ್ಪುತ್ತಾರೇನೋ. ಅವರ ಪುಸ್ತಕವನ್ನು ಸರಿಯಾಗಿ ಓದಿದರೆ ಲೆಕ್ಕ ಹಾಕಿ ಪರಿಚಯ ಕೂಡಿಡುವವರನ್ನು ಅವರೇ ಬೇಡ ಅನ್ನುತ್ತಾರೆ. ಮೊದಲು ಕೊಡು, ನನಗೇನು ಸಿಗುತ್ತದೆ ಅಂತ ಆಮೇಲೆ ಯೋಚಿಸು ಎನ್ನುತ್ತಾರೆ. ಕಷ್ಟಕ್ಕೆ ನಿಲ್ಲುವ ಆಪ್ತರು ಬೆರಳೆಣಿಕೆಯಷ್ಟೇ ಇರುತ್ತಾರೆ ಎಂದೂ ಬರೆದಿದ್ದಾರೆ. ಕಾಲೇಜಿನ ಆ ತರಬೇತುದಾರರು ಹೇಳಿದ್ದನ್ನು ನಾನು ಹಾಫ್‌ಮನ್ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಕೊಡುವುದನ್ನು ಹೇಳಿಕೊಡುವ ತತ್ತ್ವಜ್ಞಾನಿ ಕಟ್ಟಿದ ಮನೆಯಲ್ಲಿ ಎಣಿಕೆಯ ಫಲಕ ಬಾಗಿಲಲ್ಲೇ ಯಾಕೆ ತೂಗುತ್ತದೆ? ಐನೂರು ದಾಟಿದ ಮೇಲೆ ಬರುವ ಆ ಪ್ಲಸ್ ಗುರುತನ್ನು ಹಾಕಿದವರು ತರಬೇತುದಾರರಲ್ಲ.

ಈಗ ನನ್ನ ಸ್ವಂತ ಕಥೆ ನನ್ನ ವಾದಕ್ಕೇ ಅಡ್ಡ ಬರುತ್ತದೆ. ಕೆಲಸ ಹೋದಾಗ ಹದಿನಾರು ವರ್ಷ ಜೊತೆಯಲ್ಲಿ ಊಟ ಮಾಡಿದ ಯಾರಿಂದಲೂ ಇನ್ನೊಂದು ಕೆಲಸ ಸಿಗಲಿಲ್ಲ. ಅವರು ಒಳ್ಳೆಯವರು, ಮನೆಗೆ ಬಂದು ಕೂತು ಹೋದರು, ಒಬ್ಬರು ದುಡ್ಡೂ ಕೊಟ್ಟರು. ಆದರೆ ನನಗೆ ಗೊತ್ತಿದ್ದ ಕಾರ್ಖಾನೆಗಳೇ ಅವರಿಗೂ ಗೊತ್ತಿದ್ದವು. ಕೊನೆಗೆ ಸುದ್ದಿ ಕೊಟ್ಟದ್ದು ಅಳತೆ ಉಪಕರಣಗಳನ್ನು ಪರೀಕ್ಷೆ ಮಾಡಲು ಎರಡು ಸಲ ನಮ್ಮಲ್ಲಿಗೆ ಬಂದಿದ್ದ ಒಬ್ಬ ಮನುಷ್ಯ. ಅದೂ ಇದೇ ತಾಣದಲ್ಲಿ, ಆ ಹಸಿರು ಉಂಗುರ ಕಂಡು, ಎರಡು ಸಾಲು ಬರೆದು. ಅವರ ಮುಖವೂ ನನಗೆ ಸರಿಯಾಗಿ ನೆನಪಿರಲಿಲ್ಲ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಹೇಳಿದ್ದು ಇದನ್ನೇ. ಅಮೆರಿಕದ ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದ 54 ಜನರನ್ನು ಅವರು ಕೇಳಿದರು. ಸುಳಿವು ಕೊಟ್ಟವರನ್ನು ಆಗಾಗ ನೋಡುತ್ತಿದ್ದವರು ಶೇ. 16.7 ಮಾತ್ರ. ಉಳಿದವರಿಗೆಲ್ಲ ದಾರಿ ತೋರಿಸಿದ್ದು ಆಗೀಗ ಇಲ್ಲವೇ ಅಪರೂಪಕ್ಕೆ ಕಾಣುವ ಪರಿಚಯ. ಹತ್ತಿರದವರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ, ಹೊಸ ಸುದ್ದಿ ದೂರದಿಂದ ಬರಬೇಕು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಲಿಂಕ್ಡ್‌ಇನ್ನಿನ ಎರಡು ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗಗಳನ್ನು ಇಟ್ಟುಕೊಂಡು ಅದನ್ನು ಮತ್ತೆ ನೋಡಿತು. ತೀರ ಸಡಿಲವೂ ಅಲ್ಲದ, ತೀರ ಗಟ್ಟಿಯೂ ಅಲ್ಲದ ನಂಟೇ ಕೆಲಸ ಸಿಗಲು ಹೆಚ್ಚು ನೆರವಾಗುತ್ತದೆ ಎಂದು ಕಂಡುಕೊಂಡಿತು. ನನ್ನ ವಿಷಯದಲ್ಲಿ ಹಾಫ್‌ಮನ್ ಗೆದ್ದರು, ಒಪ್ಪಿದೆ.

ಆದರೆ ಆ ಮನುಷ್ಯನಿಗೆ ನಾನು ಏನು ಕೊಡಬೇಕು? ಮೊದಲ ಸಂಬಳ ಬಂದಾಗ ಫೋನ್ ಮಾಡಿ ಮನೆಗೆ ಊಟಕ್ಕೆ ಕರೆದೆ. 'ಇರ್ಲಿ ಬಿಡಿ ಸಾರ್, ಅಷ್ಟಕ್ಕೆಲ್ಲ ಏನು' ಅಂದರು. ನನಗೆ ಅದು ಈಗಲೂ ತೀರಿಸದ ಮುಯ್ಯಿಯಾಗಿಯೇ ಉಳಿದಿದೆ, ಅವರಿಗೆ ನೆನಪೂ ಇರಲಾರದು. ಇದನ್ನು ನಷ್ಟ ಎಂದು ಬರೆಯಲು ಹೊರಟೆ. ಆಗ ಅವ್ವನ ಮುಯ್ಯಿ ಪಟ್ಟಿ ನೆನಪಾಯಿತು. ಮದುವೆಗಳಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಬರೆದಿಟ್ಟ ಹಳೆಯ ಪುಸ್ತಕ ಅದು. ಒಂದು ಬರದ ವರ್ಷ, ಪಡೆದ ಮುಯ್ಯಿಗೆ ಕಡಿಮೆ ಹಾಕಬಾರದು ಅಂತ ಅವ್ವ ಎರಡು ಕುರಿ ಮಾರಿದ್ದಳು. ಆ ಕುರಿಗಳು ಹೋದದ್ದಕ್ಕೆ ಅಕ್ಕನ ಓದು ಒಂದು ವರ್ಷ ನಿಂತಿತು. ಏನೂ ಕೇಳದೆ ಕೊಟ್ಟು ಹೋಗುವ ಅಪರಿಚಿತನ ಎದುರು ಆ ಪುಸ್ತಕ ಇಟ್ಟು ನೋಡಿದರೆ, ಯಾವುದು ಹೆಚ್ಚು ಮನುಷ್ಯತ್ವದ್ದು ಅಂತ ನಾನು ಮುಂಚಿನಷ್ಟು ಜೋರಾಗಿ ಹೇಳಲಾರೆ.

ಇನ್ನೂ ಕಷ್ಟದ ಮಾತಿದೆ. ಮುಯ್ಯಾಳಿಗೆ ಹೊಲ ಇರಬೇಕು. ಹೊಲವಿಲ್ಲದವರಿಗೆ ಮುಯ್ಯಿ ಇರಲಿಲ್ಲ, ಕೂಲಿ ಇತ್ತು. ನಮ್ಮೂರಿನ ಕೇರಿಯವರು ನಮ್ಮ ಹೊಲಕ್ಕೆ ನೂರು ಸಲ ಬಂದಿದ್ದಾರೆ, ಅವರ ಮನೆಯ ಕೆಲಸಕ್ಕೆ ನಮ್ಮ ಮನೆಯವರು ಒಮ್ಮೆಯೂ ಹೋದದ್ದಿಲ್ಲ. ನಾನು ಹಾಫ್‌ಮನ್‌ಗೆ ಎದುರಾಗಿ ಇಟ್ಟ ಆ ಹೊಲದ ಚಿತ್ರದಲ್ಲಿ ಅವರನ್ನು ಬಿಟ್ಟೇ ಬರೆದಿದ್ದೆ. ಮೇಲೆ ಇರುವುದನ್ನು ಅಳಿಸಿಲ್ಲ, ಓದುವವರಿಗೆ ಕಾಣಲಿ.

ಒಳಗಿನವರನ್ನಾದರೂ ಅದು ಕಾಪಾಡಿತೇ? ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಮುಂಬೈಗೆ ದುಡಿಯಲು ಹೋದವರು ಬಹಳ. ಒಬ್ಬರನ್ನು ನಂಬಿ ಇನ್ನೊಬ್ಬರು, ಊರವನ ಖೋಲಿಯಲ್ಲಿ ಮಲಗಿ, ಅವನು ಹೇಳಿದ ಹೋಟೆಲಿನಲ್ಲಿ ತಟ್ಟೆ ತೊಳೆದು ಮೇಲೆ ಬಂದವರು. ನನ್ನ ದೊಡ್ಡಪ್ಪನ ಮಗ ಹಾಗೆ ಹೋದವನು, ಆಮೇಲೆ ಊರಿನ ಏಳು ಹುಡುಗರಿಗೆ ಅಲ್ಲಿ ದಾರಿ ಮಾಡಿದ. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಬಂದವರಲ್ಲಿ ಕೊರೊನಾ ಕಂಡು ಮಂಡ್ಯ ಜಿಲ್ಲೆಯ ಲೆಕ್ಕ ಏರುತ್ತಿದ್ದಾಗ ಅವನೂ ಹೆಂಡತಿ ಮಕ್ಕಳ ಜೊತೆ ಬಂದ. ಸರ್ಕಾರದ ಕ್ವಾರಂಟೈನ್ ಮುಗಿಸಿ ಬಂದರೂ ಊರ ದಾರಿಗೆ ಮುಳ್ಳು ಹಾಕಿದ್ದರು. ಕೆಲಸ ಕಳೆದುಕೊಂಡು ನಾನೂ ಊರಲ್ಲೇ ಇದ್ದೆ. ಮುಳ್ಳಿನ ಈಚೆ, ಮುಳ್ಳು ಹಾಕಿದವರ ಜೊತೆ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅವನು ನನ್ನನ್ನು ನೋಡಿದ. ಆ ನೋಟಕ್ಕೆ ನಾನು ಈವರೆಗೂ ಉತ್ತರ ಕೊಟ್ಟಿಲ್ಲ. ಏಳು ಹುಡುಗರ ಮುಯ್ಯಿ ಅವತ್ತು ಎಲ್ಲಿ ಹೋಗಿತ್ತು?

ಹಾಗಾದರೆ ಯಾರ ಮಗ, ಯಾರ ಪೈಕಿ ಅಂತ ಕೇಳದ ಜಾಗವೇ ಮೇಲು ಅನ್ನೋಣವೇ? ಅದೂ ಅಷ್ಟು ಸಲೀಸಲ್ಲ. ಆ ತಾಣ ನನ್ನನ್ನು ಸೇರಿಸಿಕೊಳ್ಳುವಾಗ ಕೊನೆಯ ಹೆಸರು ಏನು ಅಂತ ಕೇಳಿತು. ನಮ್ಮ ಕಡೆ ಹೆಸರಿನ ಜೊತೆ ಇರುವುದು ಇನಿಷಿಯಲ್, ಊರಿನದೊಂದು, ಅಪ್ಪನದೊಂದು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ನನಗೆ ಕೊನೆಯ ಹೆಸರೇ ಇಲ್ಲ. ಖಾಲಿ ಬಿಟ್ಟರೆ ಮುಂದೆ ಹೋಗಲಿಲ್ಲ. ನಾನು 'ಗೌಡ' ಅಂತ ತುಂಬಿದೆ. ಆಗ ಎರಡನೇ ಯೋಚನೆಯೇ ಬರಲಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ್ದು ಆಮೇಲೆ. ಪತ್ರಿಕೆಗಳಲ್ಲಿ ಬಂದ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದ್ದರು. ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆ ಒಂದು ಎಂದಿಟ್ಟರೆ ದಲಿತ ಹೆಸರಿಗೆ 0.67. ನನ್ನ ಪ್ರೊಫೈಲು ನೋಡಿದವರು ಅಳತೆಯಲ್ಲಿ ನನ್ನ ಪಳಗಿದ ಕೈಯನ್ನು ಮೊದಲು ನೋಡಿದರೋ, ಆ ಎರಡಕ್ಷರವನ್ನೋ?

ಕಳೆದ ವಾರ ಒಬ್ಬ ಹುಡುಗನ ಕೋರಿಕೆ ಬಂತು. 'ಸರ್, ನಾನೂ ದೇವಲಾಪುರ ಹೋಬಳಿಯವನು. ಐಟಿಐ ಆಗಿದೆ, ಅಪ್ರೆಂಟಿಸ್ ಮುಗಿದಿದೆ. ನಿಮ್ಮ ಕಂಪನಿಯಲ್ಲಿ ಒಂದು ಮಾತು ಹೇಳ್ತೀರಾ?' ಕೊನೆಯ ಹೆಸರಿನ ಜಾಗದಲ್ಲಿ ಒಂದೇ ಒಂದು ಅಕ್ಷರ ಹಾಕಿದ್ದಾನೆ. ಅವನಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಅಥವಾ ಅವನು ಸುಮ್ಮನೆ ಇನಿಷಿಯಲ್ ಹಾಕಿರಬಹುದು. ಮಾತು ಹೇಳುವುದು ಅಂದರೆ ನಮ್ಮ ಕಡೆ ಜಾಮೀನು ನಿಂತ ಹಾಗೆ, ಗುರುತಿಲ್ಲದವರಿಗೆ ಹೇಗೆ ನಿಲ್ಲುವುದು? ನನ್ನ ಬೆರಳು ತಾನಾಗಿಯೇ 'ಯಾವೂರಪ್ಪ, ಯಾರ ಮಗ ನೀನು' ಅಂತ ಬರೆಯಿತು. ಊರಿನಲ್ಲಿ ಎಲ್ಲರೂ ಕೇಳುವ ಅಕ್ಕರೆಯ ಮಾತು, ಬೇಲಿಯೂ ಅದೇ. ಅಳಿಸಿದೆ. ಅಳತೆಯ ಬೋರ್ ಗೇಜ್ ಹಿಡಿದು ಗೊತ್ತಾ ಅಂತ ಕೇಳಿದೆ.

ಅರ್ಧ ಗಂಟೆಗೆ ಉತ್ತರ ಬಂತು. 'ಗೊತ್ತು ಸರ್, ಎರಡು ವರ್ಷ ಅದೇ ಕೆಲಸ. ನಿಮ್ಮದು ಯಾವೂರು ಸರ್? ಯಾರ ಮನೆಯೋರು?'

ಊರಿನ ಹೆಸರು ಬರೆದೆ. ಮನೆಯದು ಬರೆಯಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ಭಾನುವಾರ ಅವ್ವನನ್ನು ನೋಡಲು ಹೋಗುತ್ತಿದ್ದೇನೆ, ದೇವಲಾಪುರ ಹ್ಯಾಂಡ್‌ಪೋಸ್ಟಿನಲ್ಲಿ ಸಿಗು ಅಂದಿದ್ದೇನೆ.