ಬಟ್ಟೆಯ ಬಣ್ಣ


*ಇಂದಿನ ಚಿಂತನೆ*

ಭಿಕ್ಕುಗಳ ಕಂದು ಚೀವರ ಕಂಡರೆ ನಾವು ಕೈ ಮುಗಿಯುತ್ತೇವೆ. ಜಪಾನಿನಲ್ಲಿ ನಮ್ಮಂಥದೇ ಜನ, ಕಂದು ಬಟ್ಟೆ ತೊಡುವುದಿಲ್ಲ ಎಂದು ಹೋರಾಡಿ ಸೆರೆಮನೆಯಲ್ಲಿ ಸತ್ತರು. ಏಕೆ?

ಒಕಾಯಾಮಾ ಸಂಸ್ಥಾನವನ್ನು ಇಕೆದಾ ಮನೆತನ ಆಳುತ್ತಿತ್ತು. ಅದರ ದೊರೆ ಮಿತ್ಸುಮಾಸಾ 1670ರಲ್ಲಿ ಸಾಮಾನ್ಯರ ಮಕ್ಕಳಿಗೂ ಶಿಜುತಾನಿ ಶಾಲೆ ತೆರೆದವನು. ಒಳ್ಳೆಯ ದೊರೆ ಎಂದು ಇಂದಿಗೂ ಹೆಸರಿದೆ. ಆದರೆ ಸತ್ತ ದನದ ಚರ್ಮ ಸುಲಿಯುವವರೆಂದು ದೂರವಿಟ್ಟಿದ್ದ ಜನರ ಸ್ಥಿತಿ ಬದಲಾಗಲಿಲ್ಲ. ಇವರನ್ನು ಈಗ ಬುರಾಕು ಸಮುದಾಯ ಎನ್ನುತ್ತಾರೆ.

ಸುಮಾರು ಇನ್ನೂರು ವರ್ಷಗಳ ನಂತರ, ಯೋಶಿಮಾಸಾ ದೊರೆಯಾಗಿದ್ದಾಗ, ಬೊಕ್ಕಸ ಬರಿದಾಗಿ ಮಿತವ್ಯಯದ ಆಜ್ಞೆ ಹೊರಟಿತು. ಅದರ 29 ಕಲಮುಗಳಲ್ಲಿ ಕೊನೆಯ 5 ಈ ಜನರಿಗೆ ಮಾತ್ರ. ಹೊಸ ಬಟ್ಟೆ ಮಾಡಿಸಿದರೆ ಪರ್ಸಿಮನ್ ಕಾಯಿಯ ರಸದ ಕಂದು ಇಲ್ಲವೇ ನೀಲಿ ಬಣ್ಣದ್ದೇ ಆಗಬೇಕು. ಬೇರೆ ರೈತರು ಎದುರಾದರೆ ಮರದ ಪಾದರಕ್ಷೆ ಕಳಚಿ ವಂದಿಸಬೇಕು.

ಅವರು ಮೊದಲು ಮನವಿ ಬರೆದರು. ನಾವೂ ಉಳುತ್ತೇವೆ, ನಾವೂ ಕಂದಾಯ ಕಟ್ಟುತ್ತೇವೆ, ನಮಗೇಕೆ ಬೇರೆ ಬಟ್ಟೆ ಎಂದು ಕೇಳಿದರು. ಮನವಿ ವಾಪಸು ಬಂತು. 1856ರ ಬೇಸಿಗೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸಂಸ್ಥಾನದ ಹಿರಿಯ ಸರದಾರನ ಠಾಣೆಯತ್ತ ನಡೆದರು. ಕೊನೆಗೆ ಮನವಿ ಪಡೆಯಲೇಬೇಕಾಯಿತು. ಬಟ್ಟೆಯ ಕಟ್ಟಳೆ ಕಾಗದದಲ್ಲೇ ಉಳಿಯಿತು. ಆದರೆ 12 ಮುಂದಾಳುಗಳು ಸೆರೆಯಾದರು, 6 ಮಂದಿ ಅಲ್ಲೇ ಪ್ರಾಣ ಬಿಟ್ಟರು.

ಹಾಗಾದರೆ ಚೀವರಕ್ಕೂ ಆ ಬಟ್ಟೆಗೂ ಏನು ವ್ಯತ್ಯಾಸ? ಚೀವರವನ್ನು ತಾನಾಗಿ ಕೇಳಿ ಪಡೆಯುತ್ತಾರೆ, ಬೇಡವಾದರೆ ಬಿಡಬಹುದು. ಕ್ಷೌರಿಕ ಉಪಾಲಿಗೂ ಶಾಕ್ಯ ರಾಜಕುಮಾರರಿಗೂ ಬುದ್ಧರು ಕೊಟ್ಟದ್ದು ಒಂದೇ ಬಣ್ಣ. ಅದು ಭೇದ ಅಳಿಸುವ ಬಣ್ಣ. ಒಕಾಯಾಮಾದ್ದು ಭೇದ ಬರೆಯುವ ಬಣ್ಣ. ಸರಳತೆ ನಾನೇ ಆರಿಸಿಕೊಂಡರೆ ಶೀಲ. ಇನ್ನೊಬ್ಬರ ಮೇಲೆ ಹೇರಿದರೆ ಅಪಮಾನ.

ಇದನ್ನು ಬರೆಯುವಾಗ ನನ್ನದೇ ತಪ್ಪು ನೆನಪಾಯಿತು. ಕಳೆದ ಪೂರ್ಣಿಮೆಗೆ ಒಬ್ಬ ತಾಯಿ ಕೂಲಿ ಮುಗಿಸಿ ಬಣ್ಣದ ಸೀರೆಯಲ್ಲೇ ವಂದನೆಗೆ ಬಂದರು. "ಬಿಳಿ ಉಡಬೇಕಿತ್ತಲ್ಲಮ್ಮಾ" ಎಂದುಬಿಟ್ಟೆ. ಅವರು ಮಾತಾಡದೆ ಹಿಂದಿನ ಸಾಲಿಗೆ ಹೋಗಿ ಕುಳಿತರು. ಮುಂದಿನ ವಾರ ಬರಲಿಲ್ಲ.

ಬಿಳಿ ಬಟ್ಟೆ ತಪ್ಪಲ್ಲ. ನನ್ನ ಮಾತು ತಪ್ಪು. ಈ ಭಾನುವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ.

ಇಂದು ನಾವು ಯಾರ ಮೇಲೆ ಯಾವ ಬಣ್ಣ ಹೇರುತ್ತಿದ್ದೇವೆ? ಒಮ್ಮೆ ಯೋಚಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙